ಮಗುವಿನ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ

ಮಕ್ಕಳಲ್ಲಿ ಹಠಾತ್ ಕಿವುಡು ಅಪರೂಪ. ಬಂದಾಗ ಮಾತ್ರ ತಡವಾಗಿಯೇ ಪತ್ತೆಯಾಗುತ್ತದೆ. ಹೆಚ್ಚಾಗಿ ಕೆಡುವುದು ಒಂದೇ ಕಿವಿ. ಇನ್ನೊಂದರಿಂದ ಮಾತು, ಆಟ ಎಲ್ಲ ನಡೆದುಹೋಗುವುದರಿಂದ ಚಿಕ್ಕ ಮಗುವಿಗೆ ಅದನ್ನು ಹೇಳಬೇಕೆಂದೇ ತೋಚುವುದಿಲ್ಲ. ಫೋನನ್ನು ಯಾವಾಗಲೂ ಒಂದೇ ಕಿವಿಗೆ ಹಿಡಿಯತೊಡಗಿದರೆ, ಕರೆದ ಕಡೆ ಬಿಟ್ಟು ಬೇರೆಡೆ ತಿರುಗಿದರೆ, ಕಿವಿಯಲ್ಲಿ ಗುಂಯ್‌ಗುಡುತ್ತದೆ ಎಂದರೆ, ತಲೆಸುತ್ತಿ ಬಿದ್ದರೆ ಅಂದೇ ತೋರಿಸಿ.

ಶೀತದ ನಂತರ ಕಿವಿ ಮಂದವಾಗಲು ಬಹುಪಾಲು ಕಾರಣ ಕಿವಿತಮಟೆಯ ಹಿಂದೆ ನಿಂತ ದ್ರವ ಅಥವಾ ಗುಗ್ಗೆ. ಎಡವುವುದೂ ಇಲ್ಲೇ. ಗುಗ್ಗೆ ಕಂಡಿತೆಂದು ಹನಿ ಔಷಧಿ ಕೊಟ್ಟು ಕಳಿಸಿದರೆ ಒಳಗಿವಿಯ ನರದ ತೊಂದರೆ ಅದರ ಹಿಂದೆ ಅಡಗಿರಬಹುದು. 512 ಹರ್ಟ್ಜ್ ಟ್ಯೂನಿಂಗ್ ಫೋರ್ಕ್ (ಬಡಿದರೆ ಒಂದೇ ಸ್ವರ ನುಡಿಯುವ ಲೋಹದ ಕವಲು) ಬಡಿದು ಹಣೆಯ ನಡುವೆ ಇಟ್ಟರೆ, ಗುಗ್ಗೆ, ದ್ರವದಂಥ ತಡೆಯಿಂದಾದ ಕಿವುಡಿನಲ್ಲಿ ಸದ್ದು ಮಂದ ಕಿವಿಗೆ ಹೋಗುತ್ತದೆ. ನರದ ಕಿವುಡಿನಲ್ಲಿ ಒಳ್ಳೆಯ ಕಿವಿಗೆ. ಒಂದೇ ನಿಮಿಷದ ಪರೀಕ್ಷೆ. ಆದರೂ ಪುಟ್ಟ ಮಕ್ಕಳ ಉತ್ತರವನ್ನು ಪೂರ್ತಿ ನಂಬುವಂತಿಲ್ಲ, ಗುಗ್ಗೆ ತೆಗೆದ ಮೇಲೆ ಆಡಿಯೋಗ್ರಾಂ (ಯಾವ ಸದ್ದು ಎಷ್ಟು ಕೇಳುತ್ತದೆ ಎಂದು ಅಳೆಯುವ ಪರೀಕ್ಷೆ) ಆಗಲೇಬೇಕು. ಮೂರು ವರ್ಷದ ಮಗುವಿಗೆ ‘ಪೀಂ ಅಂದಾಗಲೆಲ್ಲ ಒಂದು ಬಿಲ್ಲೆ ಡಬ್ಬಿಗೆ ಹಾಕು’ ಎಂದು ಆಟವಾಡಿಸಿಯೇ ಮಾಡಬಹುದು. ಅದಕ್ಕೂ ಚಿಕ್ಕವರಿಗೆ ಸದ್ದಿಗೆ ಶ್ರವಣ ನರ, ಮೆದುಳು ಸ್ಪಂದಿಸುವುದನ್ನು ನಿದ್ದೆಯಲ್ಲೇ ಅಳೆಯುವ ಬೆರಾ ಪರೀಕ್ಷೆಯಿದೆ.

ಆಡಿಯೋಗ್ರಾಂನ ಅಕ್ಕಪಕ್ಕದ ಮೂರು ಆವರ್ತನಗಳಲ್ಲಿ (ಸ್ವರದ ಮಟ್ಟಗಳಲ್ಲಿ) 30 ಡೆಸಿಬೆಲ್ ಅಥವಾ ಹೆಚ್ಚು ನರದ ಬಗೆಯ ಶ್ರವಣ ಕುಸಿತ 72 ಗಂಟೆಯೊಳಗೆ ಆಗಿದ್ದರೆ ಅದು ತುರ್ತು ಸಂಗತಿ. ಮಂಗನಬಾವು ಬಂದಿತ್ತೇ, ಒಳಗಿವಿಗೆ ಹಾನಿ ಮಾಡಬಲ್ಲ ಜೆಂಟಾಮೈಸಿನ್ ಅಥವಾ ಅಮಿಕಾಸಿನ್ ಆಂಟಿಬಯಾಟಿಕ್ ಚುಚ್ಚುಮದ್ದು ಕೊಟ್ಟಿದ್ದರೇ ಎಂದು ಕೇಳಬೇಕು. ತಲೆಗೆ ಸಣ್ಣ ಪೆಟ್ಟು ಬಿದ್ದು ಕಿವಿ ಹೋದರೆ ಒಳಗಿವಿಯ ವೆಸ್ಟಿಬ್ಯುಲರ್ ನಾಳ ಹುಟ್ಟಿನಿಂದಲೇ ಅಗಲವಾಗಿರಬಹುದು, ಸ್ಕ್ಯಾನಿನಲ್ಲಿ ತಿಳಿಯುತ್ತದೆ. ಮೆನಿಂಜೈಟಿಸ್ (ಮೆದುಳಿನ ಪೊರೆಯ ಉರಿಯೂತ) ಆದ ಮಗುವಿಗಂತೂ ಕಾಯುವಂತಿಲ್ಲ. ಒಳಗಿವಿಯ ಸುರುಳಿಯಾದ ಕಾಕ್ಲಿಯಾದೊಳಗೆ ಕೆಲವೇ ವಾರಗಳಲ್ಲಿ ಮೂಳೆ ಬೆಳೆಯತೊಡಗಿ, ಶಸ್ತ್ರಚಿಕಿತ್ಸೆಯಿಂದ ಕೂರಿಸುವ ಶ್ರವಣ ಇಂಪ್ಲಾಂಟ್‌ನ ಎಲೆಕ್ಟ್ರೋಡ್ ತೂರಿಸಲು ಜಾಗವೇ ಉಳಿಯದೆ ಹೋಗಬಹುದು.

ಕಾರಣ ಸಿಗದಿದ್ದಾಗ ಸಾಮಾನ್ಯವಾಗಿ ಕೊಡುವುದು ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್: ದಿನಕ್ಕೆ ಕಿಲೋ ತೂಕಕ್ಕೆ 1 ಮಿಲಿಗ್ರಾಂ, ದಿನಕ್ಕೆ ಗರಿಷ್ಠ 60 ಮಿಲಿಗ್ರಾಂ, ಹತ್ತರಿಂದ ಹದಿನಾಲ್ಕು ದಿನ, ಆಮೇಲೆ ನಿಧಾನವಾಗಿ ಇಳಿಕೆ. ಈ ಪದ್ಧತಿಗೆ ಆಧಾರ ಹೆಚ್ಚಾಗಿ ದೊಡ್ಡವರ ಅಧ್ಯಯನಗಳು. ಮೊದಲ ಎರಡು ವಾರದೊಳಗೆ ಶುರುವಾದರೆ ಉಪಯೋಗದ ಸಾಧ್ಯತೆ ಹೆಚ್ಚು. ಸೋಂಕು, ಸಕ್ಕರೆ, ರಕ್ತದೊತ್ತಡ ನೋಡದೆ ಮನೆಯಲ್ಲೇ ಇದನ್ನು ಆರಂಭಿಸಬೇಡಿ. ಕಿವಿಗೆ ಬಿಸಿ ಎಣ್ಣೆಯನ್ನೂ ಬಿಡಬೇಡಿ, ತಮಟೆ ತೂತಾಗಿದ್ದರೆ ಅದು ನೇರ ನಡುಗಿವಿಗೆ ಇಳಿಯುತ್ತದೆ.

ಚಿಕಿತ್ಸೆ ಮುಗಿದ ಕೂಡಲೇ ಆಡಿಯೋಗ್ರಾಂ ಮತ್ತೆ ಮಾಡಿಸಿ, ಆರು ತಿಂಗಳಿಗೆ ಇನ್ನೊಮ್ಮೆ. ಶ್ರವಣ ಮರಳದಿದ್ದರೆ ತರಗತಿಯಲ್ಲಿ ಒಳ್ಳೆಯ ಕಿವಿ ಶಿಕ್ಷಕರ ಕಡೆಗಿರುವಂತೆ ಮುಂದೆ ಕೂರಿಸಿ, ಶ್ರವಣಸಾಧನದ ಮಾತನ್ನು ಅದೇ ಭೇಟಿಯಲ್ಲಿ ಎತ್ತಿ.