12ಎಯು7 ವಾಲ್ವ್, ಐಆರ್‌ಎಫ್510 ಮಾಸ್‌ಫೆಟ್: ಹೈಬ್ರಿಡ್ ಹೆಡ್‌ಫೋನ್ ಆಂಪ್ಲಿಫೈಯರ್ ಟಿಪ್ಪಣಿ

12ಎಯು7 ವಾಲ್ವಿಗೆ (ಗಾಜಿನ ನಿರ್ವಾತ ನಳಿಗೆಗೆ) 32 ಓಮಿನ ಹೆಡ್‌ಫೋನನ್ನು ನೇರವಾಗಿ ಹಚ್ಚಿದರೆ ಸದ್ದು ಬಾರದು ಎಂದೇ ಹೇಳಬೇಕು. 250 ವೋಲ್ಟ್ ಕೊಟ್ಟಾಗಲೇ ಅದರ ಪ್ಲೇಟಿನ (ಸಿಗ್ನಲ್ ಹೊರಬರುವ ತುದಿಯ) ರೋಧ ಸುಮಾರು 7,700 ಓಮ್. ನಾವು ಕೊಡುವ 24 ವೋಲ್ಟಿನಲ್ಲಿ ಇನ್ನೂ ಜಾಸ್ತಿ, ಹೆಡ್‌ಫೋನಿಗೆ ಬೇಕಾದಷ್ಟು ಕರೆಂಟ್ ಅದರಿಂದ ಬಾರದು. ಹಾಗಾಗಿ ವೋಲ್ಟೇಜ್ ಏರಿಸುವ ಕೆಲಸ ವಾಲ್ವಿಗೆ, ಕರೆಂಟ್ ಕೊಡುವ ಕೆಲಸ ಸೋರ್ಸ್ ಫಾಲೋವರ್ (ವೋಲ್ಟೇಜ್ ಏರಿಸದೆ ಕರೆಂಟ್ ಮಾತ್ರ ಒದಗಿಸುವ ಜೋಡಣೆ) ಆಗಿ ಕೂತ ಮಾಸ್‌ಫೆಟ್ ಟ್ರಾನ್ಸಿಸ್ಟರ್‌ಗೆ. ಒಂದೇ ವಾಲ್ವಿನಲ್ಲಿ ಎರಡು ಟ್ರಯೋಡ್ (ಬೇರೆ ಬೇರೆ ವರ್ಧಕ ಭಾಗ) ಇರುವುದರಿಂದ ಎರಡೂ ಚಾನೆಲ್‌ಗೆ ಅದೊಂದೇ ಸಾಕು.

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಹುಡುಕುವಾಗ ಇಸಿಸಿ82 ಎಂದು ಬರೆದಿದ್ದರೂ ಅದೇ ವಾಲ್ವ್. ಜಾಲಹಳ್ಳಿಯ ಬಿಇಎಲ್ ಕಾಲದ ಹಳೆ ಮಾಲು ಸಿಕ್ಕರೆ 4 ಮತ್ತು 5ನೇ ಪಿನ್ ನಡುವೆ ಮೀಟರ್ ಹಿಡಿದು ಓಮ್ ನೋಡಿ. ಅಲ್ಲಿರುವ ಹೀಟರ್ (ವಾಲ್ವನ್ನು ಬಿಸಿಮಾಡುವ ತಂತಿ) 12.6 ವೋಲ್ಟಿಗೆ 150 ಮಿಲಿಆಂಪಿಯರ್ ಎಳೆಯುತ್ತದೆ, ಅಂದರೆ 84 ಓಮ್. ಅದು ಬಿಸಿಯಾದಾಗಿನ ಲೆಕ್ಕ. ತಣ್ಣಗಿರುವಾಗ ತೀರಾ ಕಡಿಮೆ ತೋರಿದರೆ ಕೆಟ್ಟಿದೆ ಎಂದಲ್ಲ.

ಪ್ಲೇಟಿಗೆ 22 ಕಿಲೋಓಮ್, ಕ್ಯಾಥೋಡಿಗೆ (ವಾಲ್ವಿನಲ್ಲಿ ಎಲೆಕ್ಟ್ರಾನ್ ಹೊಮ್ಮುವ ತುದಿಗೆ) 2 ಕಿಲೋಓಮಿನ ಪ್ರಿಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್). ಪ್ಲೇಟಿನಿಂದ ಮಾಸ್‌ಫೆಟ್‌ನ ಗೇಟಿಗೆ (ಇನ್‌ಪುಟ್ ಕಾಲಿಗೆ) 220 ಓಮಿನ ರೆಸಿಸ್ಟರನ್ನು ಗೇಟಿನ ಕಾಲಿಗೆ ಅಂಟಿದಂತೆ ಸೋಲ್ಡರ್ ಮಾಡಿ. ದೂರವಿಟ್ಟರೆ ಮಾಸ್‌ಫೆಟ್ ಮೆಗಾಹರ್ಟ್ಸ್ ಮಟ್ಟದಲ್ಲಿ ಆಸಿಲೇಟ್ ಆಗಬಹುದು (ತಾನೇ ಕಂಪಿಸತೊಡಗಬಹುದು). ಮಾಮೂಲಿ ಮೀಟರಿಗೆ ಅದು ಕಾಣದು. ಹೀಟ್‌ಸಿಂಕ್ ಲೆಕ್ಕ ಮೀರಿ ಸುಡುವುದೇ ಸುಳಿವು. ಗೇಟಿಗೆ ಹೆಚ್ಚು ವೋಲ್ಟೇಜ್ ಬೀಳದಂತೆ ಗೇಟ್ ಮತ್ತು ಸೋರ್ಸ್ (ಔಟ್‌ಪುಟ್ ಕಾಲು) ನಡುವೆ 12 ವೋಲ್ಟಿನ ಜೀನರ್ ಡಯೋಡ್ ಇರಲಿ.

ಸೋರ್ಸಿನ ಕೆಳಗೆ ಕರೆಂಟನ್ನು ಸ್ಥಿರವಾಗಿಡಲು ಎಲ್‌ಎಂ317 ರೆಗ್ಯುಲೇಟರ್ ಐಸಿ. ಇನ್ ಕಾಲು ಸೋರ್ಸಿಗೆ, ಅಡ್ಜಸ್ಟ್ ಕಾಲು ಗ್ರೌಂಡಿಗೆ. ಔಟ್ ಮತ್ತು ಅಡ್ಜಸ್ಟ್ ನಡುವೆ 10 ಓಮ್, 1 ವ್ಯಾಟಿನ ಎರಡು ರೆಸಿಸ್ಟರ್ ಪ್ಯಾರಲಲ್. ಎರಡೂ ಸೇರಿ 5 ಓಮ್, 317 ಅದರ ಮೇಲೆ 1.25 ವೋಲ್ಟ್ ಕಾಯುತ್ತದೆ: 1.25 ಭಾಗಿಸು 5, ಅಂದರೆ 250 ಮಿಲಿಆಂಪಿಯರ್. ಮಾಸ್‌ಫೆಟ್ ಮೇಲೂ 317ರ ಮೇಲೂ ಸುಮಾರು ಮೂರು ಮೂರು ವ್ಯಾಟ್ ಶಾಖ, ಎರಡು ಚಾನೆಲ್‌ಗೆ 12. ಪ್ರತಿ ವ್ಯಾಟಿಗೆ 3 ಡಿಗ್ರಿ ಏರುವ ಹೀಟ್‌ಸಿಂಕ್ ಏಪ್ರಿಲ್‌ನ 35 ಡಿಗ್ರಿ ಕೋಣೆಯಲ್ಲಿ 71ಕ್ಕೆ ನಿಲ್ಲುತ್ತದೆ. ಕೈ ಇಡಲಾಗದು, ಆದರೆ ಬಿಡಿಭಾಗಗಳಿಗೆ ತೊಂದರೆಯಿಲ್ಲ. ಮೈಕಾ (ವಿದ್ಯುತ್ ಹಾಯದಂತೆ ನಡುವೆ ಇಡುವ ತೆಳು ಹಾಳೆ) ಮಾತ್ರ ಮರೆಯಬೇಡಿ: ಮಾಸ್‌ಫೆಟ್‌ನ ಬೆನ್ನು ಡ್ರೈನ್ (24 ವೋಲ್ಟ್ ಬರುವ ಕಾಲು), 317ರ ಬೆನ್ನು ಔಟ್. ಒಂದೇ ಲೋಹಕ್ಕೆ ತಾಗಿದರೆ 24 ವೋಲ್ಟ್ ಪೂರ್ತಿ ಆ 5 ಓಮಿನ ಮೇಲೆ ಬಿದ್ದು ರೆಸಿಸ್ಟರ್ ಸುಟ್ಟುಹೋಗುತ್ತದೆ, ಇಲ್ಲವೇ ಎಸ್‌ಎಂಪಿಎಸ್ (24 ವೋಲ್ಟ್ ಕೊಡುವ ಪವರ್ ಸಪ್ಲೈ) ಟ್ರಿಪ್ ಆಗುತ್ತದೆ.

ಹೆಚ್ಚಿನವರು ಎಡವುವುದು ಸ್ವಿಚ್ ಹಾಕಿದ ಮೊದಲ ಅರ್ಧ ನಿಮಿಷದಲ್ಲಿ. ವಾಲ್ವ್ ಬಿಸಿಯಾಗುವ ತನಕ ಪ್ಲೇಟಿನಲ್ಲಿ 24 ವೋಲ್ಟ್ ಹಾಗೇ ಇರುತ್ತದೆ, ಸೋರ್ಸ್ 20ರ ಹತ್ತಿರಕ್ಕೆ ಜಿಗಿಯುತ್ತದೆ. 470 ಮೈಕ್ರೋಫ್ಯಾರಡ್ ಔಟ್‌ಪುಟ್ ಕೆಪಾಸಿಟರ್ ಚಾರ್ಜ್ ಆಗುವ ಕರೆಂಟೆಲ್ಲ ಹೆಡ್‌ಫೋನಿನ ಮೂಲಕವೇ ಹಾಯುತ್ತದೆ. ಬರೀ 'ಧಡ್' ಸದ್ದಲ್ಲ, ಹೆಡ್‌ಫೋನಿನೊಳಗಿನ ತಂತಿಸುರುಳಿಯೇ ಕೆಟ್ಟುಹೋಗಬಹುದು. ಕೆಪಾಸಿಟರ್ ಆದಮೇಲೆ 40 ಸೆಕೆಂಡ್ ತಡವಾಗಿ ಕೂಡುವ ರಿಲೇ ಹಾಕಿ. ರಿಲೇಗಿಂತ ಮುಂಚೆ 1 ಕಿಲೋಓಮ್ ಗ್ರೌಂಡಿಗಿರಲಿ. ಅದಿಲ್ಲದಿದ್ದರೆ ರಿಲೇ ಕೂಡಿದ ಕ್ಷಣ ಅದೇ ಸದ್ದು ಬರುತ್ತದೆ, ರಿಲೇ ಹಾಕಿಯೂ ಪ್ರಯೋಜನವಿಲ್ಲ.

ಹೆಡ್‌ಫೋನ್ ಹಚ್ಚದೆ ಹತ್ತು ನಿಮಿಷ ಬಿಟ್ಟು, ಸೋರ್ಸಿನಲ್ಲಿ 12 ವೋಲ್ಟ್ ಬರುವಂತೆ ಪ್ರಿಸೆಟ್ ತಿರುಗಿಸಿ. ಆಗ ಪ್ಲೇಟ್ 16ರ ಆಸುಪಾಸಿನಲ್ಲಿರುತ್ತದೆ. ಇಷ್ಟು ಕಡಿಮೆ ವೋಲ್ಟೇಜಿನಲ್ಲಿ ವಾಲ್ವಿನಿಂದ ವಾಲ್ವಿಗೆ ವ್ಯತ್ಯಾಸ ಬಹಳ. ಪ್ರಿಸೆಟ್ ಕೊನೆ ಮುಟ್ಟಿದರೂ ಬಾರದಿದ್ದರೆ ಪ್ಲೇಟ್ ರೆಸಿಸ್ಟರನ್ನೇ ಬದಲಿಸಿ.