ಮದ್ದಿಗೊಂದು ಒಪ್ಪಂದ, ಮಗನಿಗೊಂದು ಒಪ್ಪಂದ

ಎಣ್ಮಕಜೆ ಕಡೆಯ ಒಬ್ಬ ಅಕ್ಕ ಕಳೆದ ತಿಂಗಳು ಕಾಸರಗೋಡಿನ ನನ್ನ ಆಫೀಸಿಗೆ ಬಂದಿದ್ದರು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್. ಅದರೊಳಗೆ ಮಂಗಳೂರಿನ ಆಸ್ಪತ್ರೆಯ ಚೀಟಿಗಳು, ಮಗನ ಅಂಗವೈಕಲ್ಯದ ಸರ್ಟಿಫಿಕೇಟು, ಮತ್ತೆ ಒಂದು ಕಚೇರಿಯಿಂದ ಮಲಯಾಳದಲ್ಲಿ ಬಂದ ಪತ್ರ. ಅದನ್ನು ಅವರಿಗೆ ಓದಲು ಬರುವುದಿಲ್ಲ. ನಾನು ಓದಿ ಹೇಳಿದೆ: ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ತೊಂದರೆಯಾದವರ ಸರ್ಕಾರಿ ಲಿಸ್ಟಿನಲ್ಲಿ ಮಗನ ಹೆಸರಿಲ್ಲ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಆ ಮದ್ದನ್ನು ಇಡೀ ಲೋಕ ಸೇರಿ ನಿಲ್ಲಿಸಿತು ಅಂತಾರಲ್ಲ ವಕೀಲರೇ. ಮತ್ತೆ ನಮ್ಮ ಹುಡುಗನ ಹೆಸರಿಗೆ ಯಾರನ್ನು ಕೇಳುವುದು?"

ನಮ್ಮಲ್ಲಿ ಮರಕ್ಕೆ ಹೊಡೆಯುವುದೂ ಮದ್ದು, ಮಗುವಿಗೆ ಕುಡಿಸುವುದೂ ಮದ್ದು. ಅಕ್ಕ ಕೇಳಿದ್ದು ಮೊದಲನೆಯದರ ಬಗ್ಗೆ. ಉತ್ತರ ಹೇಳಲು ನನಗೆ ಒಂದು ಗಂಟೆ ಹಿಡಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಲೋಕ ನಿಲ್ಲಿಸಿದ್ದಲ್ಲ. ಇಲ್ಲಿ ಮೊದಲು ತಡೆದದ್ದು ನಮ್ಮ ಕಾಸರಗೋಡು ಜಿಲ್ಲೆಯದೇ ಹೊಸದುರ್ಗದ ಮುನ್ಸಿಫ್ ಕೋರ್ಟು. ಸರ್ಕಾರಿ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಹೊಡೆಯುತ್ತಿದ್ದರು. ತೋಟ ಗುಡ್ಡೆಯ ಮೇಲೆ, ಮನೆಗಳು ಬುಡದಲ್ಲಿ. ಗುಡ್ಡೆ ಕೊರೆದು ಮಾಡಿದ ಸುರಂಗದಿಂದ ನಾವು ಕುಡಿಯುವ ನೀರು, ತೋಡಿನ ನೀರು ಅದೇ ಗುಡ್ಡೆಯಿಂದ ಇಳಿಯುತ್ತದೆ. ಪಡ್ರೆ ಗ್ರಾಮದ ವಾಣಿನಗರದ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ರೋಗಿಗಳನ್ನು ನೋಡಿ ಈ ವಿಷಯ ಎತ್ತಿದರು. ಪೆರಿಯದ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟಿಗೆ ಹೋಗಿ ತಡೆ ತಂದರು. ಇಲ್ಲಿ ಹೆಲಿಕಾಪ್ಟರ್ ಪೂರ್ತಿ ನಿಂತದ್ದು 2000ದ ಹೊತ್ತಿಗೆ. ಲೋಕದ ದೇಶಗಳು ಜಿನೀವಾದಲ್ಲಿ ಸೇರಿ ಇದನ್ನು ನಿಲ್ಲಿಸುವ ತೀರ್ಮಾನ ಮಾಡಿದ್ದು 2011ರ ಏಪ್ರಿಲ್‌ನಲ್ಲಿ. ಅಂದರೆ ವಿಷಯ ಇಲ್ಲಿಂದ ಅಲ್ಲಿಗೆ ಹೋದದ್ದು. ವಾಪಸ್ ಬರುವ ದಾರಿಯಲ್ಲೇ ತೊಡಕು.

ಆ ತೀರ್ಮಾನ ಆದದ್ದು ಸ್ಟಾಕ್‌ಹೋಮ್ ಒಪ್ಪಂದದ ಅಡಿಯಲ್ಲಿ. ಬೇಗ ಕರಗದೆ ಉಳಿಯುವ, ಜೀವಿಗಳ ಮೈಯಲ್ಲಿ ಸೇರಿಕೊಳ್ಳುವ ರಾಸಾಯನಿಕಗಳನ್ನು ತೆಗೆದುಹಾಕಲು 2001ರಲ್ಲಿ ಮಾಡಿಕೊಂಡ ಒಪ್ಪಂದ ಅದು. ಭಾರತ ಸೇರಿದ್ದು 2006ರಲ್ಲಿ. ಒಂದು ರಾಸಾಯನಿಕ ಅದರ ಪಟ್ಟಿಗೆ ಹೋಗಬೇಕಾದರೆ ಬರೀ ವಿಷವಾಗಿದ್ದರೆ ಸಾಲದು. ಅದು ದೂರ ಹೋಗಬೇಕು. ಗಾಳಿಯಲ್ಲೋ ನೀರಿನಲ್ಲೋ ದೇಶ ದಾಟಬೇಕು. ಎಂಡೋಸಲ್ಫಾನ್ ಉತ್ತರ ಧ್ರುವದ ಗಾಳಿಯಲ್ಲೂ ಸಿಕ್ಕಿತ್ತು. ಯಾರೂ ಗೇರು ಬೆಳೆಯದ ಜಾಗ ಅದು! ಪಡ್ರೆಯ ಮಗುವಿನ ಕಾಯಿಲೆ ಒಂದನ್ನೇ ಹಿಡಿದು ಹೋಗಿದ್ದರೆ ಆ ಬಾಗಿಲು ತೆರೆಯುತ್ತಿರಲಿಲ್ಲ. ಇದನ್ನು ಹೇಳಿದಾಗ ಅಕ್ಕ ನಕ್ಕರು. ನನಗೆ ಪ್ರತಿ ಸಲ ಸಿಟ್ಟೇ ಬರುತ್ತದೆ. ಆದರೆ ಒಪ್ಪಂದದ ಲೆಕ್ಕ ಅರ್ಥವಾಗುತ್ತದೆ: ಒಂದೇ ಊರಿನ ತೊಂದರೆಯನ್ನು ಆ ದೇಶವೇ ನೋಡಿಕೊಳ್ಳಲಿ, ಗಡಿ ದಾಟುವುದನ್ನು ಮಾತ್ರ ಎಲ್ಲರೂ ಕೂತು ನೋಡೋಣ ಎಂದು.

ಭಾರತ ಕೊನೆಯವರೆಗೂ ನಿಷೇಧಕ್ಕೆ ಒಪ್ಪಿರಲಿಲ್ಲ. ಕೆಲವು ಬೆಳೆಗಳಿಗೆ ವಿನಾಯಿತಿ ಸಿಕ್ಕ ಮೇಲೆ ಒಪ್ಪಿತು. ಇನ್ನೊಂದು ಗಂಟೂ ಇದೆ. ಒಪ್ಪಂದಕ್ಕೆ ಸೇರುವಾಗಲೇ ಭಾರತ ಒಂದು ಮಾತು ಬರೆದುಕೊಟ್ಟಿತ್ತು. ಪಟ್ಟಿಗೆ ಹೊಸ ಹೆಸರು ಸೇರಿದರೆ ಅದು ತಾನಾಗಿ ನಮಗೆ ಅನ್ವಯಿಸುವುದಿಲ್ಲ, ನಾವು ಬೇರೆಯಾಗಿ ಒಪ್ಪಬೇಕು. 2020ರಲ್ಲಿ ಕೇಂದ್ರ ಸಂಪುಟ ಹಾಗೆ ಏಳು ರಾಸಾಯನಿಕಗಳನ್ನು ಒಪ್ಪಿಕೊಂಡಿತು. ಆ ಏಳರಲ್ಲಿ ಎಂಡೋಸಲ್ಫಾನ್ ಇರಲಿಲ್ಲ. ದೇಶದಲ್ಲಿ ಅದನ್ನು ನಿಜವಾಗಿ ನಿಲ್ಲಿಸಿದ್ದು ಜಿನೀವಾ ಸಭೆಯ ಎರಡು ವಾರದ ನಂತರ, 2011ರ ಮೇ 13ರಂದು ಸುಪ್ರೀಂ ಕೋರ್ಟು ಕೊಟ್ಟ ಮಧ್ಯಂತರ ಆದೇಶ.

ಇಷ್ಟೆಲ್ಲ ಆದದ್ದು ಡಬ್ಬದೊಳಗಿನ ಮದ್ದಿನ ವಿಷಯ. ಅದು ಯಾರ ಮೈಮೇಲೆ ಬಿತ್ತು, ಅವರನ್ನು ಯಾರು ನೋಡಿಕೊಳ್ಳಬೇಕು ಎಂಬುದಕ್ಕೆ ಸ್ಟಾಕ್‌ಹೋಮ್ ಒಪ್ಪಂದದಲ್ಲಿ ದಾರಿಯಿಲ್ಲ. ಪರಿಹಾರದ ಕಥೆ ಬೇರೆಯೇ. ಮಾನವ ಹಕ್ಕುಗಳ ಆಯೋಗ 2010ರ ಡಿಸೆಂಬರ್‌ನಲ್ಲಿ ಶಿಫಾರಸು ಮಾಡಿತು. ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಿ ಎಂದಿತು. 2022ರ ಮೇ ತಿಂಗಳಲ್ಲಿ ಕೋರ್ಟು ಮತ್ತೆ ನೋಡಿದಾಗ 3,704 ಜನರಲ್ಲಿ ದುಡ್ಡು ಮುಟ್ಟಿದ್ದು ಎಂಟು ಮಂದಿಗೆ. ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದವರಿಗೆ ಮಾತ್ರ. ಉಳಿದವರ ಖಾತೆಗೆ ದುಡ್ಡು ಬರತೊಡಗಿದ್ದು ಆ ದಿನದ ಬೈಗುಳದ ನಂತರವೇ.

ಆದರೆ ಇದೆಲ್ಲ ಲಿಸ್ಟಿನಲ್ಲಿ ಹೆಸರಿದ್ದವರ ಮಾತು. ಅಕ್ಕನ ಮಗನಿಗೆ ಹೆಸರೇ ಇಲ್ಲವಲ್ಲ.

ನಾನು ಅವರಿಗೆ ಹೇಳಿದ್ದು ಎರಡು ದಾರಿ. ಲಿಸ್ಟಿನ ದಾರಿಯಲ್ಲಿ ಎಂಡೋಸಲ್ಫಾನಿಗೂ ಈ ಹುಡುಗನ ಸ್ಥಿತಿಗೂ ಸಂಬಂಧ ತೋರಿಸಬೇಕು, ಡಾಕ್ಟರುಗಳ ತಂಡದ ಮುಂದೆ ಮತ್ತೆ ಕೂರಬೇಕು. ಅದನ್ನು ಬಿಡುವುದು ಬೇಡ. ಇನ್ನೊಂದು ದಾರಿಗೆ ಕಾರಣವೇ ಬೇಕಿಲ್ಲ. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ ಒಪ್ಪಂದವನ್ನು ಭಾರತ 2007ರಲ್ಲಿ ಒಪ್ಪಿತು. ಅದನ್ನು ಜಾರಿ ಮಾಡಲು 2016ರಲ್ಲಿ ಸಂಸತ್ತು ಕಾನೂನು ಮಾಡಿತು. 21 ಬಗೆಯ ಅಂಗವೈಕಲ್ಯ ಅದರಲ್ಲಿವೆ. ಶೇ 40ಕ್ಕಿಂತ ಕಡಿಮೆ ಇಲ್ಲದಿದ್ದರೆ ಜಾಸ್ತಿ ಸೌಲಭ್ಯ. ಮದ್ದಿನಿಂದ ಬಂತೋ, ಹುಟ್ಟಿನಿಂದ ಬಂತೋ ಎಂದು ಆ ಕಾನೂನು ಕೇಳುವುದಿಲ್ಲ. ಹೊರಗಿನ ಒಪ್ಪಂದ ಹೀಗೆ ನಮ್ಮ ಕಾನೂನಾಗಿ ಮನೆಗೆ ಬಂದರೆ ಅದನ್ನು ಕೈಯಲ್ಲಿ ಹಿಡಿದು ಕಚೇರಿಗೆ ಹೋಗಬಹುದು. ಬಾರದಿದ್ದರೆ ಅರ್ಜಿಯ ಕೊನೆಯ ಪುಟದಲ್ಲಿ ಒತ್ತಡಕ್ಕಾಗಿ ಬರೆಯಬಹುದು, ಅಷ್ಟೇ.

2022ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಶುದ್ಧ ಪರಿಸರ ಮನುಷ್ಯನ ಹಕ್ಕು ಎಂದು 161 ಮತಗಳಿಂದ ಒಪ್ಪಿತು. ಒಳ್ಳೆಯದು. ಅದನ್ನೂ ಕೊನೆಯ ಪುಟದಲ್ಲಿ ಬರೆಯುತ್ತೇನೆ. ನಮ್ಮ ಸುಪ್ರೀಂ ಕೋರ್ಟು ಅದೇ ಮಾತನ್ನು 1991ರಲ್ಲೇ ಹೇಳಿತ್ತು, ನಾನು ಮೊದಲ ಪುಟದಲ್ಲಿ ಬರೆಯುವುದು ಅದನ್ನು. ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲೂ ಒಂದು ಸಾಲು ಇದೆ: 2030ರೊಳಗೆ ಅಪಾಯಕಾರಿ ರಾಸಾಯನಿಕಗಳಿಂದಾಗುವ ಸಾವು, ಕಾಯಿಲೆ ತುಂಬ ಇಳಿಯಬೇಕು. ಯಾರ ಮೇಲೂ ಕೇಸು ಹಾಕಲು ಆಗದ ಸಾಲು.

ದೇಶ ದೇಶಗಳ ಸಹಕಾರ ಎಂದಾಗ ನನಗೆ ಕೇರಳ-ಕರ್ನಾಟಕ ಗಡಿಯ ತಲಪಾಡಿ ನೆನಪಾಗುತ್ತದೆ. 2020ರ ಮಾರ್ಚ್‌ನಲ್ಲಿ, ಕೊರೊನಾ ಸಮಯದಲ್ಲಿ, ಕರ್ನಾಟಕದ ಕಡೆಯಿಂದ ರಸ್ತೆಗೆ ಮಣ್ಣು ಹಾಕಿ ಮುಚ್ಚಿದ್ದರು. ಮಂಗಳೂರಿನ ಆಸ್ಪತ್ರೆ ನಂಬಿದ ನಮ್ಮ ರೋಗಿಗಳು ಈ ಕಡೆ ಉಳಿದರು. ಕೇರಳ ಹೈಕೋರ್ಟು ಆದೇಶ ಕೊಟ್ಟು, ವಿಷಯ ದೆಹಲಿ ತನಕ ಹೋಯಿತು. ಒಂದೇ ಸಂವಿಧಾನದ ಎರಡು ರಾಜ್ಯಗಳ ನಡುವಿನ ಮಾತು ಇದು.

ಕೊನೆಗೆ ಅಕ್ಕನಿಗೆ ಬರೆದುಕೊಟ್ಟ ಚೀಟಿ. ಬೇರೆಯವರಿಗೂ ಬೇಕಾಗಬಹುದು. ಇಲ್ಲಿಯ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಿರಿ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ನಮಗೆ ಆ ಹಕ್ಕು ಕೊಟ್ಟಿದೆ, ಉತ್ತರವೂ ಕನ್ನಡದಲ್ಲೇ ಬರಬೇಕು. ಮಲಯಾಳದ ಪತ್ರ ಬಂದರೆ ಕನ್ನಡದಲ್ಲಿ ಕೊಡಿ ಎಂದು ವಾಪಸ್ ಬರೆಯಿರಿ. ಆದರೆ ಅಪೀಲಿಗೆ ದಿನ ಇದ್ದರೆ ಅದಕ್ಕೆ ಕಾಯಬೇಡಿ. ಹೆಂಗಸರಿಗೆ, ಅಂಗವಿಕಲರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ, ಆದಾಯ ಎಷ್ಟಿದ್ದರೂ. ಮಾನವ ಹಕ್ಕುಗಳ ಆಯೋಗಕ್ಕೂ ಕನ್ನಡದಲ್ಲಿ ದೂರು ಕೊಡಬಹುದು, ಫೀಸಿಲ್ಲ. ಆದರೆ ಘಟನೆಯಾಗಿ ಒಂದು ವರ್ಷ ಕಳೆದರೆ ಅವರು ತೆಗೆದುಕೊಳ್ಳುವುದಿಲ್ಲ. ನೇರ ವಿಶ್ವಸಂಸ್ಥೆಗೆ ಹೋಗೋಣ ಎಂದು ಕೆಲವರು ಬರುತ್ತಾರೆ. ಅಂಗವಿಕಲರ ಸಮಿತಿಗೆ ಒಬ್ಬೊಬ್ಬರೇ ದೂರು ಕೊಡುವ ಹೆಚ್ಚುವರಿ ಒಪ್ಪಂದಕ್ಕೆ ಭಾರತ ಸೇರಿಲ್ಲ. ವಿಷ ವಸ್ತುಗಳ ಬಗ್ಗೆ 1995ರಿಂದ ಒಬ್ಬ ವಿಶೇಷ ವರದಿಗಾರರು ಇದ್ದಾರೆ, ಅವರಿಗೆ ಪತ್ರ ಬರೆಯಬಹುದು. ಅವರು ಸರ್ಕಾರವನ್ನು ಪ್ರಶ್ನೆ ಕೇಳಬಲ್ಲರು, ಚೆಕ್ ಬರೆಯಲಾರರು.

ಅಕ್ಕ ಮುಂದಿನ ಮಂಗಳವಾರ ಮತ್ತೆ ಬರುತ್ತಾರೆ. ಹಳೆಯ ರೇಷನ್ ಕಾರ್ಡ್ ಹುಡುಕಿ ತನ್ನಿ ಎಂದಿದ್ದೇನೆ. ಹೆಲಿಕಾಪ್ಟರ್ ಹಾರುತ್ತಿದ್ದ ವರ್ಷಗಳಲ್ಲಿ ಅವರು ಆ ಗುಡ್ಡೆಯ ಬುಡದಲ್ಲೇ ಇದ್ದರು ಎಂದು ಹೇಳುವ ಕಾಗದ ಅವರ ಮನೆಯಲ್ಲಿ ಬೇರೆ ಯಾವುದೂ ಇಲ್ಲ.