ಕೆಲಸ ಕಡಿಮೆಯಾದಷ್ಟೂ ಫೀಸೂ ಕಡಿಮೆ

ವಾಸ್ತುಶಿಲ್ಪಿಯ ಫೀಸು ಸಾಮಾನ್ಯವಾಗಿ ಕಾಮಗಾರಿಯ ವೆಚ್ಚದಲ್ಲಿ ಶೇಕಡಾ ಇಷ್ಟು ಎಂದು ನಿಗದಿಯಾಗುತ್ತದೆ. ಹೊಸ ಕಟ್ಟಡಕ್ಕೆ ಅದು ಸರಿ. ಹಳೇ ಕಟ್ಟಡಕ್ಕೆ ಬಂದರೆ ಲೆಕ್ಕ ತಲೆಕೆಳಗು. ಚಾವಣಿ ಪೂರ್ತಿ ಕೆಡವಿಸಿ ಆರ್‌ಸಿಸಿ ಹಾಕಿಸಿದರೆ ನನಗೆ ಒಳ್ಳೇ ಮೊತ್ತ ಬರುತ್ತದೆ. ಕಟ್ಟಿಕೊಂಡ ಮಳೆನೀರಿನ ಪೈಪು ಬಿಡಿಸಿ, ಎರಡು ತೊಲೆಯ ತುದಿ ಬದಲಿಸಿದರೆ ಸಾಕು ಎಂದೆನೋ, ಓಡಾಡಿದ ಪೆಟ್ರೋಲಿಗೂ ಗಿಟ್ಟುವುದಿಲ್ಲ. ಪಾರಂಪರಿಕ ಕಟ್ಟಡಗಳ ಕೆಲಸಕ್ಕೆ ಬರುತ್ತೇವೆ ಎನ್ನುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇದನ್ನೇ.

ಅವರ ತಲೆಯಲ್ಲಿ ಹಂಪಿ, ಹಳೇಬೀಡು ಇರುತ್ತವೆ. ನಮ್ಮ ಪಾಲಿಗೆ ಬರುವುದು ಮೈಸೂರಿನಂಥ ಊರಿನ ಶಾಲೆ, ಛತ್ರ, ಹಾಸ್ಟೆಲ್ಲು, ಅಣ್ಣತಮ್ಮಂದಿರ ನಡುವೆ ಪಾಲಾದ ಅಗ್ರಹಾರದ ಮನೆ. ಸ್ಮಾರಕ ರಕ್ಷಣೆಗೆಂದು ಕೇಂದ್ರದ 1958ರ ಕಾಯ್ದೆ ಇದೆ, ರಾಜ್ಯದ 1961ರ ಕಾಯ್ದೆಯೂ ಇದೆ. ಇಂಥ ಕಟ್ಟಡಗಳಲ್ಲಿ ಬಹುಪಾಲು ಆ ಎರಡರ ಪಟ್ಟಿಯಲ್ಲೂ ಇಲ್ಲ. ಅವು ಉಳಿಯಬೇಕಾದರೆ ಮಾಲೀಕರ ಮನಸ್ಸು ಗಟ್ಟಿಯಿರಬೇಕು, ಅಷ್ಟೇ.

ಇವುಗಳ ಜೀವ ಇರುವುದು ತಾರಸಿಯಲ್ಲಿ. ಮದ್ರಾಸ್ ಟೆರೇಸ್ ಎಂದು ಕರೆಯುವ ಈ ಚಾವಣಿಯಲ್ಲಿ ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ನಿಲ್ಲಿಸಿ, ಓರೆ ಸಾಲಿನಲ್ಲಿ, ಸುಣ್ಣದ ಗಾರೆಯಿಂದ ಕಟ್ಟುತ್ತಾ ಹೋಗುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ ಬೆರೆಸಿದ ದಪ್ಪ ಪದರ. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾ, ಅದು ಗಟ್ಟಿಯಾಗುವವರೆಗೆ ದಿನಗಟ್ಟಲೆ ಮರದ ಕೊಡತಿಯಿಂದ ಬಡಿಯಬೇಕು. ಎಲ್ಲಕ್ಕಿಂತ ಮೇಲೆ ಚಪ್ಪಟೆ ಹೆಂಚು. ಒಣಗಿರುವವರೆಗೆ ತೇಗ ನೂರು ವರ್ಷವಾದರೂ ಜಗ್ಗುವುದಿಲ್ಲ. ಕೆಡುವುದು ಬಹುತೇಕ ಒಂದೇ ಕಡೆ, ತೊಲೆಯ ತುದಿ ಗೋಡೆಯೊಳಗೆ ಹೊಕ್ಕಿರುವಲ್ಲಿ. ಹೊರಗಿಂದ ಅದು ಕಾಣುವುದಿಲ್ಲ. ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಬೇಕು, ಅನುಮಾನ ಬಂದರೆ ಸ್ಕ್ರೂಡ್ರೈವರ್ ಚುಚ್ಚಿ ನೋಡಬೇಕು.

ಸೋರಿದಾಗಲೆಲ್ಲ ಮೇಲೊಂದು ಸಿಮೆಂಟಿನ ಪದರ ಎಳೆಯುವುದು ನಮ್ಮಲ್ಲಿ ರೂಢಿ. ತಾರಸಿಯ ಭಾರ ಹೆಚ್ಚುತ್ತದೆ, ಬಿರುಕಿನಲ್ಲಿ ಇಳಿದ ನೀರಿಗೆ ಆರುವ ದಾರಿ ಇಲ್ಲವಾಗುತ್ತದೆ. ಗೋಡೆಗೂ ಅದೇ ಗತಿ. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟು ತಡೆಯುತ್ತದೆ, ನೆಲದ ತೇವ ಇನ್ನೂ ಮೇಲಕ್ಕೆ ಹತ್ತುತ್ತದೆ, ಉಪ್ಪು ಹೊರಬಂದು ಇಟ್ಟಿಗೆ ಪುಡಿಯಾಗುತ್ತದೆ. ಆಗ ಯಾರೋ ಬಂದು ‘ಇದರ ಆಯಸ್ಸು ಮುಗೀತು ಸಾರ್’ ಎಂದು ಬರೆದುಕೊಡುತ್ತಾರೆ. ಅಂಥ ವರದಿಗಳಲ್ಲಿ ಎಷ್ಟೋ ಸಲ ನಾನು ಕಾಣುವುದು ನಿನ್ನೆಮೊನ್ನೆಯ ರಿಪೇರಿಯ ಕಾಯಿಲೆಯನ್ನು.

ಹಾಗೆಂದು ಏನೂ ಮಾಡದೆ ಕೂರುವುದೂ ಸಂರಕ್ಷಣೆಯಲ್ಲ. ಮೈಸೂರಿನ 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. 2016ರಲ್ಲಿ ಅದೇ ಊರಿನ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಕೆಡವಿ ಕಟ್ಟಬೇಕೋ, ದುರಸ್ತಿ ಸಾಕೋ ಎಂಬ ಜಗಳ ಸಮಿತಿಗಳನ್ನು ದಾಟಿ ಕೋರ್ಟಿಗೂ ಹೋಯಿತು. ಸಾಲು ಅಂಗಡಿಗಳ ಮೇಲೆ ಸೋರುವ ತಾರಸಿ ಇದ್ದರೆ ಮೊದಲು ಜನರನ್ನು ಹೊರಗೆ ಕಳಿಸಿ ಆನಿಕೆ ಕೊಡಿಸಬೇಕು. ಆ ಗಳಿಗೆಯಲ್ಲಿ ಪರಂಪರೆಯ ಭಾಷಣ ಬಿಗಿಯುವ ವಾಸ್ತುಶಿಲ್ಪಿ ನನಗೆ ಹಿಡಿಸುವುದಿಲ್ಲ.

ಅವಸರವಿಲ್ಲದ ಬಿರುಕಿಗೆ ಮಾತ್ರ ಕಾಯಬೇಕು. ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ, ತಾರೀಖು ಬರೆದು, ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಲು ಬಿಡುತ್ತೇನೆ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ಒಡೆಯದಿದ್ದರೆ ಅದು ಎಂದೋ ಆದ ಗಾಯ, ಸುಣ್ಣದಲ್ಲಿ ತುಂಬಿದರಾಯಿತು. ಸರ್ಕಾರಿ ಕಾಮಗಾರಿಯಲ್ಲಿ ಈ ಪುರುಸೊತ್ತು ಸಿಗುವುದು ಕಷ್ಟ. ಮಾರ್ಚ್ ಮುಗಿಯುವುದರೊಳಗೆ ಬಿಲ್ಲಾಗಬೇಕು, ಟೆಂಡರು ಕಡಿಮೆ ದರ ಕೂಗಿದವರಿಗೆ ಹೋಗುತ್ತದೆ, ಅವರ ಆಳುಗಳಿಗೆ ಸುಣ್ಣ ಹದ ಮಾಡಿ ಗೊತ್ತಿರುವುದಿಲ್ಲ. ಬಲ್ಲ ಮೇಸ್ತ್ರಿಗಳ ಮಕ್ಕಳು ಟೈಲ್ಸ್ ಕೆಲಸಕ್ಕೆ ಹೋಗಿದ್ದಾರೆ. ತಪ್ಪೇನು? ಅಲ್ಲಿ ಕೂಲಿ ದಿನವೂ ಸಿಗುತ್ತದೆ.

ಬಿ.ಆರ್ಕ್‌ನ ಐದು ವರ್ಷದಲ್ಲಿ ಇದು ಕೈಗೆ ಹತ್ತುವುದಿಲ್ಲ. ಸಂರಕ್ಷಣೆಯಲ್ಲಿ ಎಂ.ಆರ್ಕ್ ಮಾಡಿ, ಬೇಡವೆನ್ನುವುದಿಲ್ಲ; ಅದಕ್ಕೂ ಮುಂಚೆ ಒಂದು ಸುಣ್ಣದ ಕೆಲಸ ಶುರುವಿನಿಂದ ಕೊನೆಯವರೆಗೆ ನಿಂತು ನೋಡಿ. ಫೀಸಿನ ವಿಷಯಕ್ಕೆ ನಾನು ಕಂಡುಕೊಂಡ ದಾರಿ ಇಷ್ಟು: ಅಳತೆ, ತಪಾಸಣೆ, ವರದಿಗೆ ಇಡಿಗಂಟು, ಕೆಲಸ ನಡೆಯುವಾಗ ಭೇಟಿಗಿಷ್ಟು. ಶೇಕಡಾ ಲೆಕ್ಕ ಬೇಡವೆಂದು ಒಪ್ಪಂದದಲ್ಲೇ ಬರೆಸುತ್ತೇನೆ. ಚೌಕಾಸಿ ಮಾಡುವ ಮಾಲೀಕರಿಗೆ ಆರ್‌ಸಿಸಿ ಎಸ್ಟಿಮೇಟನ್ನೂ ದುರಸ್ತಿಯ ಎಸ್ಟಿಮೇಟನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ ಸಾಮಾನ್ಯವಾಗಿ ಮಾತು ಅಲ್ಲಿಗೆ ಮುಗಿಯುತ್ತದೆ.